ಮುಗಿದ ಮದುವೆಗೂ ಒಂದು ಕಾಗದ ಬೇಕು

ಮೈಸೂರಿನ ವಿಜಯನಗರದಲ್ಲಿ ನಮ್ಮ ಮನೆ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಬ್ಯಾರಿ ಕುಟುಂಬಗಳು ಸುತ್ತಮುತ್ತ ಬೇರೆಯೂ ಇವೆ. ಕೆಲವರದು ವ್ಯಾಪಾರ, ಕೆಲವರಿಗೆ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಂಪೆನಿಗಳಲ್ಲಿ ಕೆಲಸ. ನಮ್ಮ ಮನೆಯಿಂದ ಎರಡು ರಸ್ತೆ ಆಚೆಗೆ ಚಿಕ್ಕಮ್ಮನ ಮನೆ. ಚಿಕ್ಕಮ್ಮನ ಮಗಳು ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಹನ್ನೊಂದು ವರ್ಷದ ಹಿಂದೆ, ಅವರು ಇನ್ನೂ ಊರಲ್ಲಿದ್ದಾಗ, ಮಂಗಳೂರಿನ ನ್ಯಾಯಾಲಯದಲ್ಲಿ ಅವಳ ಮೊದಲ ಮದುವೆ ರದ್ದಾಗಿತ್ತು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ಖರ್ಚಿಗೆ ಕೊಡುವುದನ್ನೂ ಬಂದು ನೋಡುವುದನ್ನೂ ನಿಲ್ಲಿಸಿದ್ದ.

ಕಳೆದ ವರ್ಷ ಅವಳಿಗೊಂದು ಒಳ್ಳೆಯ ಸಂಬಂಧ ಬಂತು. ಮಾತುಕತೆ ಎಲ್ಲಾ ಮುಗಿಯಿತು. ಗಂಡಿನ ಕಡೆಯ ಜಮಾಅತ್‌ನವರು ಒಂದೇ ಒಂದು ಕೇಳಿದರು: "ಮೊದಲಿನ ಮದುವೆ ಮುಗಿದದ್ದಕ್ಕೆ ದಾಖಲೆ ಕೊಡಿ."

ನಾನು ಅವಳನ್ನು ಕೇಳಿದೆ, "ಕೋರ್ಟಿನ ಕಾಗದ ಉಂಟಲ್ಲ?"

"ಇತ್ತು ಕಾಕ. ಊರಿನ ಮನೆ ಖಾಲಿ ಮಾಡುವಾಗ ಎಲ್ಲಿ ಹೋಯಿತೋ ಗೊತ್ತಿಲ್ಲ. ಇನ್ನು ಅದು ಯಾಕೆ ಬೇಕು ಅಂತ ನಾನೂ ಹುಡುಕಲಿಲ್ಲ."

ಯಾಕೆ ಬೇಕು ಎಂಬುದು ಅವಳೊಬ್ಬಳ ಪ್ರಶ್ನೆಯಲ್ಲ. ನಮ್ಮಲ್ಲಿ ಹೆಚ್ಚಿನವರು ನಿಕಾಹ್‌ನ ಕಾಗದವನ್ನು ಜೋಪಾನವಾಗಿ ಇಡುತ್ತಾರೆ, ಮದುವೆ ಮುರಿದ ಕಾಗದವನ್ನು ಕಣ್ಣಿಗೆ ಕಾಣದ ಕಡೆ ಹಾಕುತ್ತಾರೆ. ಅದನ್ನು ನೋಡಿದರೆ ಸಂಕಟ. ಆದರೆ ಹೆಣ್ಣುಮಗಳ ಮುಂದಿನ ಬದುಕು ನಿಂತಿರುವುದು ಆ ಕಾಗದದ ಮೇಲೆಯೇ. ಮೊದಲ ಮದುವೆ ಕಾನೂನಿನಲ್ಲಿ ಇನ್ನೂ ಉಳಿದಿರುವಾಗ ಹೆಣ್ಣು ಮತ್ತೊಂದು ಮದುವೆಯಾದರೆ ಅದು ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಪ್ರಕಾರ ಅಪರಾಧ. 7 ವರ್ಷದವರೆಗೆ ಜೈಲು. ಗಂಡಿನ ಬಳಿ ಕಾಗದ ಇಲ್ಲದಿದ್ದರೂ ಅವನ ಎರಡನೇ ನಿಕಾಹ್ ನಿಲ್ಲುವುದು ಅಪರೂಪ. ಹೆಣ್ಣಿನದು ನಿಲ್ಲುತ್ತದೆ.

ಆ ಕಾಗದವನ್ನು ಮತ್ತೆ ಪಡೆಯಲು ನಾವು ನಡೆದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಮನೆಗೆ ಉಪಯೋಗವಾದೀತು.

'ಡಿವೋರ್ಸ್ ಸರ್ಟಿಫಿಕೇಟ್' ಎಂಬುದಿಲ್ಲ

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಜನನ, ಮರಣ ಪ್ರಮಾಣಪತ್ರದ ಹಾಗೆ ಪಾಲಿಕೆಯಲ್ಲೋ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ ವಿಚ್ಛೇದನದ ಸರ್ಟಿಫಿಕೇಟ್ ಸಿಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗೆ ಸಿಗುವುದಿಲ್ಲ. ವಕ್ಫ್ ಕಚೇರಿಯಲ್ಲಿ ಸಿಗಬಹುದು ಎನ್ನುವವರೂ ಇದ್ದಾರೆ. 2023ರ ಆಗಸ್ಟ್‌ನಲ್ಲಿ ರಾಜ್ಯ ಸರಕಾರ ವಕ್ಫ್ ಮಂಡಳಿಗೆ ಕೊಟ್ಟದ್ದು ಮದುವೆ ಪ್ರಮಾಣಪತ್ರ ನೀಡುವ ಅಧಿಕಾರವನ್ನು. ಆ ಆದೇಶಕ್ಕೂ 2024ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ವಿಚ್ಛೇದನಕ್ಕೂ ಅದಕ್ಕೂ ಸಂಬಂಧವಿಲ್ಲ.

ನ್ಯಾಯಾಲಯದಲ್ಲಿ ಆದ ವಿಚ್ಛೇದನಕ್ಕೆ ದಾಖಲೆ ಎಂದರೆ ಆ ನ್ಯಾಯಾಲಯ ಕೊಟ್ಟ ಡಿಕ್ರಿ. ಅದರ ಮೂಲ ಪ್ರತಿ ಕೋರ್ಟಿನ ಕಡತದಲ್ಲೇ ಉಳಿಯುತ್ತದೆ. ನಮಗೆ ಸಿಗುವುದು ದೃಢೀಕೃತ ನಕಲು, ಅಂದರೆ ಸರ್ಟಿಫೈಡ್ ಕಾಪಿ. ಹಾಗಾಗಿ ನಮ್ಮ ಪ್ರತಿ ಕಳೆದುಹೋದರೆ ಡಿಕ್ರಿ ಕಳೆದುಹೋಯಿತು ಎಂದಲ್ಲ. ಮತ್ತೆ ಅರ್ಜಿ ಹಾಕಿದರೆ ಮತ್ತೆ ಕೊಡುತ್ತಾರೆ. ಅದು ಕಕ್ಷಿದಾರರ ಹಕ್ಕು.

ಇಲ್ಲಿ ತೀರ್ಪು ಬೇರೆ, ಡಿಕ್ರಿ ಬೇರೆ ಎಂಬುದು ನೆನಪಿರಲಿ. ತೀರ್ಪಿನಲ್ಲಿ ಇಡೀ ಕಥೆ ಇರುತ್ತದೆ: ಯಾರು ಏನು ಆರೋಪ ಮಾಡಿದರು, ಸಾಕ್ಷಿ ಏನು ಹೇಳಿತು, ನ್ಯಾಯಾಧೀಶರು ಯಾಕೆ ಹಾಗೆ ನಿರ್ಧರಿಸಿದರು. ಡಿಕ್ರಿ ಚಿಕ್ಕದು. ದಾವೆಯ ನಂಬರ್, ಇಬ್ಬರ ಹೆಸರು ವಿಳಾಸ, ಕೇಳಿದ್ದೇನು, ಕೊಟ್ಟದ್ದೇನು, ಅಷ್ಟೇ.

ಕೇಸ್ ನಂಬರ್ ಹುಡುಕುವುದು

ಚಿಕ್ಕಮ್ಮನ ಮಗಳಿಗೆ ನೆನಪಿದ್ದದ್ದು ವರ್ಷ ಮಾತ್ರ, ಅದೂ ಸ್ವಲ್ಪ ಹಿಂದೆ ಮುಂದೆ. ವಕೀಲರು ತೀರಿಹೋಗಿದ್ದರು. ನಂಬರ್ ಇಲ್ಲದೆ ಕಡತ ಹುಡುಕಿಕೊಡಿ ಎಂದರೆ ಯಾವ ಕಚೇರಿಯಲ್ಲಾದರೂ ಕಷ್ಟವೇ.

ಮೊದಲ ಕೆಲಸ, ಯಾವ ನ್ಯಾಯಾಲಯ ಎಂದು ಖಚಿತ ಮಾಡಿಕೊಳ್ಳುವುದು. ಈಗ ನೀವಿರುವ ಊರಿನ ಕೋರ್ಟ್ ಅಲ್ಲ, ಕೇಸ್ ನಡೆದ ಊರಿನ ಕೋರ್ಟ್. ಮೈಸೂರಿನಲ್ಲಿ ಹತ್ತು ವರ್ಷದಿಂದ ಇದ್ದರೂ ಮಂಗಳೂರಿನಲ್ಲಿ ಆದ ಡಿಕ್ರಿ ಮಂಗಳೂರಿನಲ್ಲೇ ಇರುತ್ತದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಡಿ ಕೌಟುಂಬಿಕ ನ್ಯಾಯಾಲಯ ಸ್ಥಾಪನೆಯಾದ ಕಡೆ ಇಂಥ ಕೇಸ್ ಅಲ್ಲಿ ನಡೆದಿರುತ್ತದೆ. ಅದಕ್ಕೂ ಹಿಂದಿನದಾದರೆ ಸಿವಿಲ್ ನ್ಯಾಯಾಲಯದಲ್ಲಿ ಹುಡುಕಬೇಕು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕಿಂತ ಹಳೆಯ ಕಾಗದದಲ್ಲಿ ಉಡುಪಿ, ಕುಂದಾಪುರದ ಕೇಸಿಗೂ ದಕ್ಷಿಣ ಕನ್ನಡ ಜಿಲ್ಲೆ ಎಂದೇ ಇರುತ್ತದೆ. ಮಂಜೇಶ್ವರ, ಉಪ್ಪಳ ಕಡೆಯಲ್ಲಿ ಆದದ್ದಾದರೆ ಕೇರಳಕ್ಕೇ, ಕಾಸರಗೋಡಿನ ನ್ಯಾಯಾಲಯಕ್ಕೇ ಹೋಗಬೇಕು.

ಎರಡನೆಯದು ಇ-ಕೋರ್ಟ್ಸ್. ಮೊಬೈಲ್‌ನಲ್ಲೇ ನೋಡಬಹುದು. ರಾಜ್ಯ, ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ, ಕಕ್ಷಿದಾರರ ಹೆಸರು ಮತ್ತು ವರ್ಷ ಹಾಕಿ, ಇತ್ಯರ್ಥವಾದ ಕೇಸ್ ಎಂಬುದನ್ನು ಒತ್ತಬೇಕು. ಇದು ಸುಲಭ ಅನ್ನಿಸುತ್ತದೆ. ನಮ್ಮ ಹೆಸರುಗಳಿಗೆ ಸುಲಭವಲ್ಲ. ಒಬ್ಬಳೇ ಹೆಣ್ಣುಮಗಳು ಶಾಲೆಯಲ್ಲಿ ಝುಹರಾ, ರೇಷನ್ ಕಾರ್ಡಿನಲ್ಲಿ ಜೋಹರಾ, ಕೋರ್ಟಿನಲ್ಲಿ ಝೊಹ್ರಾ. ಆಯಿಷಾ, ಆಯಿಶತ್, ಐಸಮ್ಮ ಮೂರೂ ಒಬ್ಬರೇ ಆಗಿರಬಹುದು. ಹೆಸರಿನ ಮುಂದೆ ಮನೆತನದ ಅಕ್ಷರ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಪೂರ್ತಿ ಹೆಸರು ಹಾಕಿ ಸಿಗಲಿಲ್ಲ ಎಂದು ಬಿಡಬೇಡಿ. ಇಂಗ್ಲಿಷಿನ ಮೂರು ಅಕ್ಷರ ಹಾಕಿದರೂ ಹುಡುಕಾಟ ನಡೆಯುತ್ತದೆ. ಹೆಂಡತಿಯ ಹೆಸರಲ್ಲಿ ಸಿಗದಿದ್ದರೆ ಗಂಡನ ಹೆಸರಲ್ಲಿ ನೋಡಿ. ಹಿಂದಿನ ವರ್ಷ, ಮುಂದಿನ ವರ್ಷವನ್ನೂ ನೋಡಿ, ಯಾಕೆಂದರೆ ಕೇಸ್ ನಂಬರಿನಲ್ಲಿರುವುದು ದಾಖಲಾದ ವರ್ಷ, ತೀರ್ಪಾದ ವರ್ಷ ಅಲ್ಲ.

ಹಾಗೆ ಮಾಡಿ ಮೂರನೇ ರಾತ್ರಿ ನಮಗೆ ಸಿಕ್ಕಿತು. ಅವಳ ಹೆಸರಿನಲ್ಲಿ ಒಂದು ಅಕ್ಷರ ಬೇರೆಯೇ ಇತ್ತು. ಪರದೆಯಲ್ಲಿ 16 ಅಕ್ಷರ ಅಂಕಿಗಳ ಸಿಎನ್ಆರ್ ನಂಬರ್, ಕೇಸ್ ನಂಬರ್, ಇತ್ಯರ್ಥವಾದ ದಿನ ಎಲ್ಲಾ ಬಂತು. ಬರೆದುಕೊಂಡೆವು. ಕೌಟುಂಬಿಕ ವಿಷಯವಾದ್ದರಿಂದ ತೀರ್ಪಿನ ಪ್ರತಿ ಅಲ್ಲಿ ಕಾಣದೇ ಇರಬಹುದು. ಕಂಡರೂ ಮೊಬೈಲ್‌ನಿಂದ ತೆಗೆದ ಪ್ರಿಂಟ್ ದೃಢೀಕೃತ ನಕಲಾಗುವುದಿಲ್ಲ. ತೀರಾ ಹಳೆಯ ಕೇಸ್‌ಗಳು ಕಂಪ್ಯೂಟರಿನಲ್ಲಿ ಇಲ್ಲದಿರಬಹುದು. ಆಗ ಕೋರ್ಟಿನ ಕಚೇರಿಯಲ್ಲಿ ಆ ವರ್ಷದ ರಿಜಿಸ್ಟರ್ ನೋಡಿಸಲು ಕೇಳಿಕೊಳ್ಳಬೇಕು. ಹಳೆಯ ವಕೀಲರ ಡೈರಿ, ಜೀವನಾಂಶದ ಕೇಸಿನ ಕಾಗದ, ಕೋರ್ಟಿನಿಂದ ಬಂದ ಹಳೆಯ ನೋಟಿಸ್ ಇವುಗಳಲ್ಲೂ ನಂಬರ್ ಅಡಗಿರುತ್ತದೆ.

ನಕಲು ಅರ್ಜಿ

ನಂಬರ್ ಸಿಕ್ಕ ಮೇಲೆ ಅರ್ಧ ಕೆಲಸ ಮುಗಿದ ಹಾಗೆ. ಒಂದು ಬೆಳಿಗ್ಗೆ ಇಬ್ಬರೂ ಹುಣಸೂರು, ಮಡಿಕೇರಿ, ಸಂಪಾಜೆ ದಾರಿಯ ಬಸ್ಸು ಹತ್ತಿ ಮಂಗಳೂರಿಗೆ ಹೋದೆವು. ನಕಲು ಅರ್ಜಿಯಲ್ಲಿ ಬರೆಯಬೇಕಾದ್ದು ಇಷ್ಟು: ಕೇಸ್ ನಂಬರ್, ಎರಡೂ ಕಡೆಯ ಹೆಸರು, ಇತ್ಯರ್ಥವಾದ ದಿನ, ಅರ್ಜಿ ಹಾಕುವವರು ಆ ಕೇಸಿನಲ್ಲಿ ಯಾರು, ಯಾವ ಕಾಗದ ಬೇಕು, ಎಷ್ಟು ಪ್ರತಿ. ಜೊತೆಗೆ ಗುರುತಿನ ಚೀಟಿ, ನಿಗದಿತ ಶುಲ್ಕ. ಕಡತ ರೆಕಾರ್ಡ್ ರೂಮಿಗೆ ಹೋಗಿದ್ದರೆ ತರಿಸಬೇಕಾಗುತ್ತದೆ, ಹೆಚ್ಚು ದಿನ ಹಿಡಿಯುತ್ತದೆ.

ವಕೀಲರೇ ಬೇಕು ಎಂದೇನಿಲ್ಲ. ಕಕ್ಷಿದಾರರು ಸ್ವತಃ ಅರ್ಜಿ ಹಾಕಬಹುದು. ದೂರದಲ್ಲಿರುವವರು ವಕೀಲರ ಮೂಲಕ ಹಾಕಿಸಬಹುದು. ಕೋರ್ಟ್ ಸಂಕೀರ್ಣದ ಇ-ಸೇವಾ ಕೇಂದ್ರದಲ್ಲೂ ಕೇಸಿನ ಮಾಹಿತಿ, ನಕಲು ಅರ್ಜಿಗೆ ನೆರವು ಸಿಗುತ್ತದೆ. ಹಣದ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ, ಕಾನೂನು ನೆರವು ಉಚಿತ. ಸಹಾಯವಾಣಿ 15100. ಜೀವನಾಂಶದ ಆದೇಶವಾಗಿದ್ದರೆ, ಅದರ ಪ್ರತಿಯನ್ನು ಆ ಆದೇಶ ಯಾರ ಪರವಾಗಿ ಆಗಿದೆಯೋ ಅವರಿಗೆ ಶುಲ್ಕವಿಲ್ಲದೆ ಕೊಡಬೇಕು ಎಂದು ಕಾನೂನೇ ಹೇಳುತ್ತದೆ.

ಮಾಹಿತಿ ಹಕ್ಕಿನ ಅರ್ಜಿ ಹಾಕಿ ತರಿಸುತ್ತೇನೆ ಎಂದು ಒಬ್ಬರು ನಮಗೆ ಸಲಹೆ ಕೊಟ್ಟಿದ್ದರು. ಆ ದಾರಿ ನಡೆಯುವುದಿಲ್ಲ. ನ್ಯಾಯಾಲಯದ ಕಡತದ ನಕಲನ್ನು ನ್ಯಾಯಾಲಯದ ನಿಯಮದ ಪ್ರಕಾರವೇ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಹೇಳಿದೆ.

ಕೈಗೆ ಬಂದ ಕಾಗದದಲ್ಲಿ ಏನು ನೋಡಬೇಕು

ನಕಲು ಕೈಗೆ ಬಂದಾಗ ಅಲ್ಲೇ ನಿಂತು ನೋಡಿಕೊಳ್ಳಿ. ಸೀಲು, ಸಹಿ ಇದೆಯೇ? ಪುಟ ಬಿಟ್ಟುಹೋಗಿದೆಯೇ? ಹೆಸರು ಆಧಾರ್‌ನಲ್ಲಿರುವ ಹಾಗೆ ಇಲ್ಲದಿದ್ದರೆ ಇಬ್ಬರೂ ಒಬ್ಬರೇ ಎಂದು ತೋರಿಸುವ ಅಫಿಡವಿಟ್ ಮಾಡಿಸಿಡುವುದು ಒಳ್ಳೆಯದು.

ಆಮೇಲೆ ದಿನಾಂಕ. ನಮ್ಮ ಹೆಣ್ಣುಮಕ್ಕಳು ಕೋರ್ಟಿಗೆ ಹೋಗುವುದು ಹೆಚ್ಚಾಗಿ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಡಿ. ಗಂಡ 4 ವರ್ಷ ಪತ್ತೆಯಿಲ್ಲದಿರುವುದು, 2 ವರ್ಷ ಜೀವನಾಂಶ ಕೊಡದಿರುವುದು, 7 ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆ, 3 ವರ್ಷ ದಾಂಪತ್ಯದ ಹೊಣೆ ನಿಭಾಯಿಸದಿರುವುದು, ಕ್ರೌರ್ಯ ಮೊದಲಾದವು ಅದರಲ್ಲಿರುವ ಕಾರಣಗಳು. ಇವುಗಳಲ್ಲಿ ಗಂಡ ಪತ್ತೆಯಿಲ್ಲ ಎಂಬ ಕಾರಣಕ್ಕೆ ಆದ ಡಿಕ್ರಿ 6 ತಿಂಗಳವರೆಗೆ ಜಾರಿಗೆ ಬರುವುದಿಲ್ಲ. ಅಷ್ಟರೊಳಗೆ ಅವನು ಬಂದು ಸಂಸಾರ ಮಾಡಲು ಸಿದ್ಧ ಎಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ ಡಿಕ್ರಿ ರದ್ದಾಗಬಹುದು. ಕೌಟುಂಬಿಕ ನ್ಯಾಯಾಲಯದ ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ ಇದೆ. ಗಂಡ ಕೋರ್ಟಿಗೆ ಬಾರದೆ ಏಕಪಕ್ಷೀಯವಾಗಿ ಆದ ಡಿಕ್ರಿಯಾದರೆ ಅದನ್ನು ರದ್ದು ಮಾಡಿಸಲು ಅವನು ಅರ್ಜಿ ಹಾಕಿದ್ದಾನೆಯೇ ಎಂದೂ ನೋಡಬೇಕು. ಇದ್ದತ್‌ನ ಲೆಕ್ಕವನ್ನು ಡಿಕ್ರಿಯ ದಿನಾಂಕ ತೋರಿಸಿ ಉಸ್ತಾದರಲ್ಲೇ ಕೇಳಿಕೊಳ್ಳಿ. ಇನ್ನೊಂದು ವಿಷಯ: ಈ ಕಾಯ್ದೆಯಡಿ ಮದುವೆ ರದ್ದಾಯಿತು ಎಂದು ಮಹರ್‌ನ ಹಕ್ಕು ಹೋಗುವುದಿಲ್ಲ. 5ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಕಾಪಾಡಿದೆ.

ತೀರ್ಪನ್ನು ಎಲ್ಲರಿಗೂ ತೋರಿಸಬೇಡಿ

ನಕಲು ಸಿಕ್ಕ ದಿನ ಗಂಡಿನ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. "ತೀರ್ಪಿನದ್ದು ಪೂರ್ತಿ ಫೋಟೋ ಹೊಡೆದು ವಾಟ್ಸ್ಆ್ಯಪ್ ಮಾಡಿ. ನಾಲ್ಕು ಜನ ನೋಡುವುದು ಒಳ್ಳೆಯದಲ್ವಾ?"

ಚಿಕ್ಕಮ್ಮನ ಮಗಳು ನನ್ನ ಮುಖ ನೋಡಿದಳು. ಆ ತೀರ್ಪಿನಲ್ಲಿ ಅವಳ ಬದುಕಿನ ಕೆಟ್ಟ ಎರಡು ವರ್ಷ ಇಡೀ ಇತ್ತು. ಅವಳ ಮೇಲೆ ಎದುರು ಕಡೆಯವರು ಹಾಕಿ, ಕೋರ್ಟ್ ನಂಬದೆ ಬಿಟ್ಟ ಆರೋಪಗಳೂ ಇದ್ದವು. ನಾನು ಹೇಳಿದೆ, "ಹಾಜ್ಯಾರೇ, ಮದುವೆ ರದ್ದಾದದ್ದಕ್ಕೆ ಡಿಕ್ರಿ ಉಂಟು. ಅದನ್ನು ಖತೀಬರ ಕೈಗೆ ಕೊಡ್ತೇವೆ. ತೀರ್ಪು ಅವಳ ಸ್ವಂತದ್ದು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು, "ಅದೂ ಸರಿಯೇ ಮಗಾ, ಡಿಕ್ರಿ ಸಾಕು" ಎಂದರು.

ಇದನ್ನು ನಮ್ಮ ಎಲ್ಲ ಮನೆಗಳವರೂ ತಿಳಿದಿರಬೇಕು. ಮದುವೆ ಮುಗಿದಿದೆ ಎಂದು ತೋರಿಸಲು ಡಿಕ್ರಿ ಸಾಕು. ಹೊರಗಿನವರಿಗೆ ಕೋರ್ಟ್ ಕೂಡ ಸುಮ್ಮನೆ ನಕಲು ಕೊಡುವುದಿಲ್ಲ. ಕೇಸಿನಲ್ಲಿ ಇಲ್ಲದವರು ಯಾಕೆ ಬೇಕು ಎಂದು ಕಾರಣ ತೋರಿಸಬೇಕು. ಕೋರ್ಟ್ ಕಾಪಾಡುವ ಮರ್ಯಾದೆಯನ್ನು ನಾವು ಫ್ಯಾಮಿಲಿ ಗ್ರೂಪಿನಲ್ಲಿ ಕಳೆಯಬಾರದು.

ಕೋರ್ಟಿಗೇ ಹೋಗದವರು

ಇಷ್ಟೆಲ್ಲ ಕೋರ್ಟಿಗೆ ಹೋದವರ ಮಾತು. ನಮ್ಮಲ್ಲಿ ಎಷ್ಟೋ ವಿಚ್ಛೇದನ ತಲಾಖ್, ಖುಲಾ ಅಥವಾ ಇಬ್ಬರ ಒಪ್ಪಿಗೆಯ ಮುಬಾರಾತ್ ಆಗಿ ಮನೆ, ಮಸೀದಿಯ ಮಟ್ಟದಲ್ಲೇ ಮುಗಿಯುತ್ತದೆ. ಅಂಥ ಹೆಣ್ಣುಮಕ್ಕಳ ಕೈಯಲ್ಲಿ ಇರುವುದು ಜಮಾಅತ್‌ನ ಒಂದು ಪತ್ರ. ಕೆಲವರಲ್ಲಿ ಅದೂ ಇಲ್ಲ.

ಜಮಾಅತ್‌ನ ಪತ್ರಕ್ಕೆ ಬೆಲೆ ಇಲ್ಲ ಎಂದಲ್ಲ, ಅದು ಸಾಕ್ಷಿಯ ಜಾಗದಲ್ಲಿ ನಿಲ್ಲುತ್ತದೆ. ಆದರೆ ಅದು ಡಿಕ್ರಿ ಅಲ್ಲ. ದಾರುಲ್ ಖಝಾ, ಫತ್ವಾಗಳಿಗೆ ಕಾನೂನಿನ ಬಲವಂತ ಇಲ್ಲ ಎಂದು 2014ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಲಾಖ್‌ಗೆ ತಕ್ಕ ಕಾರಣ ಇರಬೇಕು, ಮೊದಲು ಎರಡೂ ಕಡೆಯವರು ಸೇರಿ ರಾಜಿಗೆ ಪ್ರಯತ್ನಿಸಿರಬೇಕು ಎಂದು 2002ರ ಶಮೀಮ್ ಆರಾ ಪ್ರಕರಣದಲ್ಲೇ ಹೇಳಿತ್ತು. ಇನ್ನು ಒಂದೇ ಸಲಕ್ಕೆ ಮೂರು ತಲಾಖ್ ಬರೆದ ಕಾಗದವೋ ಮೆಸೇಜೋ ಇದ್ದರೆ ಅದು ವಿಚ್ಛೇದನದ ದಾಖಲೆಯೇ ಅಲ್ಲ. 2017ರ ಆಗಸ್ಟ್ 22ರ ತೀರ್ಪು ಅದನ್ನು ಅಸಿಂಧು ಮಾಡಿತು, 2019ರ ಕಾಯ್ದೆ 3 ವರ್ಷದವರೆಗೆ ಜೈಲಿನ ಅಪರಾಧ ಮಾಡಿತು. ಅಂಥ ಕಾಗದ ನಂಬಿ ಮತ್ತೊಂದು ನಿಕಾಹ್‌ಗೆ ಕೈ ಹಾಕಿದರೆ ತೊಂದರೆಗೆ ಸಿಕ್ಕುವುದು ಹೆಣ್ಣೇ.

ಹಾಗಾದರೆ ದಾರಿ? ಒಬ್ಬರ ವೈವಾಹಿಕ ಸ್ಥಾನಮಾನ ಏನು ಎಂದು ಘೋಷಿಸುವ ಅಧಿಕಾರ ಕೌಟುಂಬಿಕ ನ್ಯಾಯಾಲಯಕ್ಕೆ 7ನೇ ಸೆಕ್ಷನ್‌ನಲ್ಲಿದೆ. ಜಮಾಅತ್‌ನ ಪತ್ರ, ಸಾಕ್ಷಿಗಳು, ಇಬ್ಬರ ಸಹಿ ಇಟ್ಟುಕೊಂಡು ಅಲ್ಲಿ ಘೋಷಣೆ ಕೇಳಬಹುದು. ಕೇರಳ ಹೈಕೋರ್ಟ್ 2021ರ ಏಪ್ರಿಲ್‌ನಲ್ಲಿ ಖುಲಾ, ಮುಬಾರಾತ್ ಮೊದಲಾದ ಕೋರ್ಟಿನ ಹೊರಗಿನ ವಿಚ್ಛೇದನಗಳನ್ನು ಮಾನ್ಯ ಮಾಡಿ, ಇಂಥ ಅರ್ಜಿಗಳನ್ನು ಎಳೆದಾಡದೆ ಮುಗಿಸಬೇಕು ಎಂದಿತು. ಅಲ್ಲಿ ನೋಂದಣಿಯಾದ ಮದುವೆಯು ತಲಾಖ್‌ನಿಂದ ಮುಗಿದರೆ ಅದನ್ನು ಸ್ಥಳೀಯ ರಿಜಿಸ್ಟ್ರಾರರೇ ದಾಖಲಿಸಬಹುದು, ಹೆಣ್ಣುಮಗಳನ್ನು ಕೋರ್ಟಿಗೆ ಅಲೆಸಬೇಕಿಲ್ಲ ಎಂದು 2024ರ ಜನವರಿಯಲ್ಲಿ ಹೇಳಿತು. ಇದು ಕಾಸರಗೋಡಿನ ನಮ್ಮ ಮನೆಗಳಿಗೆ ಉಪಯೋಗದ್ದು. ಕರ್ನಾಟಕದಲ್ಲಿರುವವರಿಗೆ ಕೌಟುಂಬಿಕ ನ್ಯಾಯಾಲಯದ ಘೋಷಣೆಯೇ ಗಟ್ಟಿ ದಾರಿ.

ಜಮಾಅತ್‌ಗಳಲ್ಲೂ ಒಂದು ವಿನಂತಿ. ನಿಕಾಹ್‌ಗೆ ಇರುವ ಹಾಗೆ ವಿಚ್ಛೇದನಕ್ಕೂ ಒಂದು ರಿಜಿಸ್ಟರ್ ಇರಲಿ. ಯಾವ ದಿನ, ಯಾವ ಬಗೆಯ ವಿಚ್ಛೇದನ, ಸಾಕ್ಷಿ ಯಾರು, ಮಹರ್ ಕೊಟ್ಟಾಯಿತೇ ಎಂದು ಬರೆದು, ಇಬ್ಬರ ಸಹಿ ಹಾಕಿಸಿ, ಹೆಣ್ಣಿನ ಕೈಗೂ ಒಂದು ಪ್ರತಿ ಕೊಡಿ. ಹತ್ತು ವರ್ಷ ಕಳೆದು ಕಮಿಟಿ ಬದಲಾದ ಮೇಲೆ ಅವಳು ಯಾರನ್ನು ಕೇಳಬೇಕು?

ಗಲ್ಫ್, ಅಮೆರಿಕ

ನಿಕಾಹ್ ಒಂದಕ್ಕೇ ಅಲ್ಲ, ಬೇರೆ ಕಡೆಯೂ ಈ ಕಾಗದ ಬೇಕಾಗುತ್ತದೆ. 40ರಿಂದ 64 ವರ್ಷದ ಬಡ ವಿಚ್ಛೇದಿತೆಯರಿಗಿರುವ ರಾಜ್ಯದ ಮನಸ್ವಿನಿ ಮಾಸಾಶನಕ್ಕೆ ವಿಚ್ಛೇದನವಾದದ್ದನ್ನು ತೋರಿಸಬೇಕು. ಪಾಸ್‌ಪೋರ್ಟ್ ಅರ್ಜಿಗೆ ಮಾತ್ರ ಡಿಕ್ರಿ ಕಡ್ಡಾಯವಲ್ಲ ಎಂದು ವಿದೇಶಾಂಗ ಸಚಿವಾಲಯ 2016ರ ಡಿಸೆಂಬರ್‌ನಲ್ಲೇ ನಿಯಮ ಸಡಿಲಿಸಿದೆ.

ಡಿಕ್ರಿಯನ್ನು ಗಲ್ಫ್‌ನಲ್ಲಿ ತೋರಿಸಬೇಕಾದರೆ ಮೊದಲು ರಾಜ್ಯದ ಗೃಹ ಇಲಾಖೆಯ, ಆಮೇಲೆ ವಿದೇಶಾಂಗ ಸಚಿವಾಲಯದ ದೃಢೀಕರಣ ಆಗಬೇಕು. ಒಮಾನ್, ಬಹರೈನ್, 2022ರ ಡಿಸೆಂಬರ್‌ನಿಂದ ಸೌದಿ ಅರೇಬಿಯಾ ಕೂಡ ಅಪೊಸ್ಟಿಲ್ ಒಪ್ಪಂದದಲ್ಲಿರುವುದರಿಂದ ಅಲ್ಲಿಗೆ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಸಾಕು. ಆ ಒಪ್ಪಂದಕ್ಕೆ ಸೇರದ ಯುಎಇಯಂಥ ದೇಶಕ್ಕೆ ಅವರ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಅರಬಿ ಅನುವಾದ ಕೇಳಬಹುದು. ಅಮೆರಿಕದಲ್ಲಿ ವಿಚ್ಛೇದನವಾದವರಾದರೆ ಅದು ನಡೆದ ಕೌಂಟಿಯ ಕೋರ್ಟ್ ಕ್ಲರ್ಕ್ ಕಚೇರಿಯಿಂದ ದೃಢೀಕೃತ ನಕಲು ತರಿಸಬೇಕು. ಅಂಥ ವಿದೇಶಿ ಡಿಕ್ರಿಯನ್ನು ಇಲ್ಲಿ ಒಪ್ಪುತ್ತಾರೋ ಇಲ್ಲವೋ ಎಂಬುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಸೆಕ್ಷನ್ ಮೇಲೆ ನಿಂತಿದೆ. ಅದಕ್ಕೆ ವಕೀಲರ ಸಲಹೆ ಬೇಕೇ ಬೇಕು.

ಚಿಕ್ಕಮ್ಮನ ಮಗಳು ಡಿಕ್ರಿಯ ಮೂರು ಪ್ರತಿ ತೆಗೆಸಿದಳು. ಒಂದು ಜಮಾಅತ್‌ಗೆ, ಒಂದು ಅವಳ ಕಪಾಟಿಗೆ, ಒಂದು ನಮ್ಮ ಮನೆಯಲ್ಲಿ. ಕೇಸ್ ನಂಬರನ್ನು ಚಿಕ್ಕಮ್ಮ ರೇಷನ್ ಕಾರ್ಡಿನ ಕವರಿನ ಮೇಲೆ ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ.

ನಿಕಾಹ್‌ನ ದಿನ ಖತೀಬರು ಕನ್ನಡಕ ಹಾಕಿಕೊಂಡು ಡಿಕ್ರಿಯನ್ನು ಎರಡು ಸಲ ಓದಿದರು. ದಿನಾಂಕ, ನಂಬರ್ ರಿಜಿಸ್ಟರಿನಲ್ಲಿ ಬರೆದುಕೊಂಡು ಕಾಗದವನ್ನು ಮಡಚಿ ನನಗೆ ವಾಪಸ್ ಕೊಟ್ಟರು. "ಇದನ್ನು ಅವಳ ಕೈಗೇ ಕೊಡಿ" ಎಂದರು. ಆಮೇಲೆ ವರನನ್ನು ಕರೆದರು.